ಸೈಕಲ್ ಪ್ರಶ್ನೋತ್ತರ: ಹೆದ್ದಾರಿಯಿಂದ ಪಡುವಣಕ್ಕೆ

*ಪ್ರಶ್ನೆ: ಹೊಸದಾಗಿ ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣಿನ ದಾರಿಗೂ ಒಗ್ಗುವ ದಪ್ಪ ಟಯರಿನ ಸೈಕಲ್) ಕೊಂಡಿದ್ದೇನೆ. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಓಡಿಸುವ ಧೈರ್ಯ ನನಗಿಲ್ಲ. ವಾಹನಗಳೇ ಇಲ್ಲದ, ಜಲ್ಲಿ ಅಥವಾ ಮಣ್ಣಿನ ನಲವತ್ತು ಕಿಲೋಮೀಟರ್ ದಾರಿಯೊಂದನ್ನು ಸೂಚಿಸುವಿರಾ? — ಓದುಗರು, ಅಂಬಲಪಾಡಿ*

ನಲವತ್ತು ಕಿಲೋಮೀಟರ್ ಉದ್ದಕ್ಕೂ ಜಲ್ಲಿ, ಉದ್ದಕ್ಕೂ ನಿರ್ಜನ ಎಂಬ ದಾರಿ ನಮ್ಮ ಕರಾವಳಿಯಲ್ಲಿ ಸಿಗುವುದಿಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಸಿಗುತ್ತದೆ. ಅಲ್ಲಿನ ಎಂಪೋರಿಯಾ ಎಂಬ ಊರಿನ ಸುತ್ತ 2006ರಲ್ಲಿ ಆರಂಭವಾದ ಇನ್ನೂರು ಮೈಲಿಯ ಸ್ಪರ್ಧೆಯೇ ಈ ಜಲ್ಲಿ ಸವಾರಿಗೆ ಹೆಸರು ತಂದಿತು. ನಮ್ಮಲ್ಲಿ ಹಿತ್ತಿಲಿಗೆ ಹಿತ್ತಿಲು ಅಂಟಿಕೊಂಡಿದೆ. ಪಂಚಾಯತಿಗೆ ಅನುದಾನ ಬಂತೆಂದರೆ ಮೊದಲು ಕಾಂಕ್ರೀಟ್ ಬೀಳುವುದು ನೀವು ಹುಡುಕುತ್ತಿರುವ ಮಣ್ಣಿನ ರಸ್ತೆಗೇ. ಆ ಬಗ್ಗೆ ನನಗೆ ದೂರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕೆಸರು ತುಳಿಯುವವರು ಆ ರಸ್ತೆಬದಿಯ ಮನೆಯವರು, ನಾವಲ್ಲ.

ಆದರೆ ವಾಹನವಿಲ್ಲದ ದಾರಿ ಹುಡುಕುವುದಕ್ಕೆ ಒಂದು ಉಪಾಯವಿದೆ. ನಕ್ಷೆ ತೆರೆದು ಹೊಳೆಗಳು ಕಡಲು ಸೇರುವ ಜಾಗಗಳನ್ನು ನೋಡಿ. ನಮ್ಮ ಅನೇಕ ಹೊಳೆಗಳು ನೇರವಾಗಿ ಕಡಲಿಗೆ ಬೀಳುವುದಿಲ್ಲ; ಮರಳ ದಿಣ್ಣೆಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಒಂದಷ್ಟು ದೂರ ಹರಿದು ಆಮೇಲೆ ಅಳಿವೆಯಲ್ಲಿ ಸೇರುತ್ತವೆ. ಉದ್ಯಾವರ ಹೊಳೆ ಹಾಗೆ, ಸ್ವರ್ಣಾ ಮತ್ತು ಸೀತಾ ಹಾಗೆ, ಮೂಲ್ಕಿಯ ಶಾಂಭವಿ, ಮಂಗಳೂರಿನ ಗುರುಪುರ ಹೊಳೆ ಕೂಡ ಹಾಗೆಯೇ. ಆ ದಿಣ್ಣೆಯ ಮೇಲೆ ಸಾಗುವ ರಸ್ತೆ ಅಳಿವೆಯ ಬಳಿ ಮುಗಿದುಹೋಗುತ್ತದೆ. ಮುಂದೆ ದಾರಿಯಿಲ್ಲದ ರಸ್ತೆಗೆ ಲಾರಿ ಏಕೆ ಬರುತ್ತದೆ? ಕುಂದಾಪುರಕ್ಕೆ ಹೋಗುವವನು ಹೆದ್ದಾರಿ 66ರ ಸೇತುವೆಯನ್ನೇ ಹಿಡಿಯಬೇಕು.

ನಿಮ್ಮ ಮನೆಗೆ ಹತ್ತಿರವಿರುವುದು ಮಲ್ಪೆ–ಕೋಡಿಬೆಂಗ್ರೆ. ಮಲ್ಪೆ ಬಂದರಿನ ರಸ್ತೆಯನ್ನು ಮಾತ್ರ ಜಾಗ್ರತೆಯಿಂದ ದಾಟಿ. ಮೀನಿನ ಲಾರಿಗಳಿಂದ ಸೋರುವ ನೀರು ಡಾಮರಿನ ಮೇಲೆ ಎಣ್ಣೆಯಂತೆ ಜಾರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಬಿದ್ದಿರೆಂದೇ ಲೆಕ್ಕ. ತೊಟ್ಟಂ, ಬಡಾನಿಡಿಯೂರು ದಾಟಿ ಹೂಡೆ ತಲುಪಿದ ಮೇಲೆ ದಾರಿ ಕಿರಿದಾಗುತ್ತದೆ. ಬೆಂಗ್ರೆಯತ್ತ ಹೋದಂತೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಸಾಲು, ಮೊಗವೀರರ ಮನೆಗಳು. ರಸ್ತೆಯ ಮೈ ಬಹುಪಾಲು ಡಾಮರು, ಕಾಂಕ್ರೀಟು. ಆದರೆ ಗಾಳಿ ತಂದು ಹಾಕಿದ ಮರಳು ಅಲ್ಲಲ್ಲಿ ಅಡ್ಡ ಬಿದ್ದಿರುತ್ತದೆ, ಸಣ್ಣ ಟಯರಿನವರು ಅಲ್ಲಿ ಒದ್ದಾಡುವಾಗ ನಿಮ್ಮ ದಪ್ಪ ಟಯರಿಗೆ ಕೊಟ್ಟ ಹಣ ಸಾರ್ಥಕವೆನಿಸುತ್ತದೆ. ಬಲೆ ಹರಡಿದ್ದರೆ, ಮೀನು ಒಣಹಾಕಿದ್ದರೆ ಇಳಿದು ಸೈಕಲನ್ನು ಎತ್ತಿಕೊಂಡು ದಾಟಿ. ಬಲೆಯ ಮೇಲೆ ಚಕ್ರ ಹತ್ತಿಸಿದವನಿಗೆ ಸಿಗುವ ಬೈಗುಳ ನ್ಯಾಯವಾದದ್ದೇ.

ತುದಿಯಲ್ಲಿ ಸ್ವರ್ಣಾ, ಸೀತಾ, ಕಡಲು ಮೂರೂ ಸೇರುತ್ತವೆ. ಅಲ್ಲಿಂದ ಆಚೆ ದಡದ ಹಂಗಾರಕಟ್ಟೆಗೆ ದೋಣಿ ಸೇವೆಯುಂಟು. ಹೊರಡುವ ಮೊದಲೇ ಊರವರಲ್ಲಿ ವೇಳೆ ವಿಚಾರಿಸಿ. ಮಳೆಗಾಲದ ನೆರೆಯಲ್ಲಿ ಇದನ್ನು ನಂಬಿ ಹೋಗಬೇಡಿ. ಆಚೆ ಇಳಿದರೆ ಕೋಡಿಕನ್ಯಾಣ, ಪಾರಂಪಳ್ಳಿ, ಕೋಟ ಪಡುಕೆರೆ, ಮಣೂರು ಪಡುಕೆರೆ ಎಂದು ಕಡಲ ಬದಿಯಲ್ಲೇ ಬಡಗಕ್ಕೆ ಸಾಗಬಹುದು. ಹೋದಷ್ಟು ಹೋಗಿ ಅದೇ ದಾರಿಯಲ್ಲಿ ಮರಳಿದರೆ ನಿಮ್ಮ ನಲವತ್ತು ಕಿಲೋಮೀಟರ್ ಭರ್ತಿಯಾಗಿ ಮೇಲೂ ಉಳಿಯುತ್ತದೆ. ಹೆದ್ದಾರಿಗೆ ಬಂದು ಸುತ್ತು ಪೂರ್ಣಗೊಳಿಸುವ ಆಸೆ ಬೇಡ. ಹೋದ ದಾರಿಯಲ್ಲೇ ಬರುವುದು ಸಪ್ಪೆ ಎನ್ನುವವರಿದ್ದಾರೆ. ಸಂತೆಕಟ್ಟೆಯಲ್ಲಿ ಬಸ್ಸಿನ ಹಾರ್ನ್ ಕೇಳುವುದಕ್ಕಿಂತ ಆ ಸಪ್ಪೆಯೇ ನನಗೆ ರುಚಿ.

ತೆಂಕಕ್ಕೆ ಹೋಗುವುದಾದರೆ ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ ಮಟ್ಟು, ಅಲ್ಲಿಂದ ಕಾಪುವಿನ ದೀಪಸ್ತಂಭ. ಇದೂ ಹೊಳೆ–ಕಡಲುಗಳ ನಡುವಿನ ದಾರಿಯೇ, ಆದರೆ ಎರಡೂ ಕಡೆ ತೆರೆದಿರುವುದರಿಂದ ರಜಾದಿನದ ಸಂಜೆ ಕಾರುಗಳು ನುಗ್ಗುತ್ತವೆ. ಬೆಳಗ್ಗೆ ಆರಕ್ಕೆ ಹೋಗಿ. ಮಟ್ಟುವಿನಲ್ಲಿ ಗದ್ದೆಬದಿಯ ಮಣ್ಣಿನ ದಾರಿ ಸಿಗುತ್ತದೆ. ಚೀಲದಲ್ಲಿ ಜಾಗವಿಟ್ಟುಕೊಂಡರೆ ಬರುವಾಗ ಅಲ್ಲಿನ ಗುಳ್ಳ ಬದನೆಯನ್ನೂ ತರಬಹುದು.

*ಪ್ರಶ್ನೆ: ನಾವು ಅಕ್ಕ–ತಂಗಿ ಭಾನುವಾರ ಬೆಳಗ್ಗೆ ಸೈಕಲ್ ತುಳಿಯುತ್ತೇವೆ. ಕೂಳೂರು ಸೇತುವೆ ದಾಟದೆ ತಣ್ಣೀರುಬಾವಿ ತಲುಪಲು ಸಾಧ್ಯವೇ? — ಓದುಗರು, ಬಿಜೈ, ಮಂಗಳೂರು*

ಸಾಧ್ಯ. 1784ರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಕಾವಲುಬುರುಜಿನ ಪಕ್ಕದಿಂದಲೇ ಗುರುಪುರ ಹೊಳೆ ದಾಟಿಸುವ ದೋಣಿ ಹೊರಡುತ್ತದೆ. ಸೈಕಲ್ ಹತ್ತಿಸಿಕೊಳ್ಳುವಿರಾ ಎಂದು ದೋಣಿಯವರನ್ನು ಮೊದಲು ಕೇಳಿ, ಜನ ಕಡಿಮೆಯಿರುವ ಹೊತ್ತು ನೋಡಿಕೊಳ್ಳಿ. ಆಚೆ ಇಳಿದ ಮೇಲೆ ಬಡಗಕ್ಕೆ ತಿರುಗಿದರೆ ಪಣಂಬೂರು, ಅಂದರೆ ಬಂದರಿನ ಲಾರಿಗಳ ಕಡೆ. ತೆಂಕಕ್ಕೆ ತಿರುಗಿ. ತೋಟ ಬೆಂಗ್ರೆ, ಕಸಬ ಬೆಂಗ್ರೆಯ ಮೂಲಕ ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಇಳಿಯುವ ಅಳಿವೆಬಾಗಿಲಿನವರೆಗೆ ಹೋಗಬಹುದು. ಅಲ್ಲಿ ನೀರಿಗೆ ಮಾತ್ರ ಇಳಿಯಬೇಡಿ; ಮೇಲೆ ಸೌಮ್ಯವಾಗಿ ಕಂಡರೂ ಸೆಳೆತ ಬಲವಾಗಿದೆ.

*ಪ್ರಶ್ನೆ: ನಮ್ಮೂರ ಪದವಿನ (ಬಯಲುಗುಡ್ಡದ) ಮೇಲೆ ಕೆಂಪುಕಲ್ಲಿನ ಕೋರೆಗಳಿಗೆ ಹೋಗುವ ಮಣ್ಣಿನ ರಸ್ತೆಗಳು ಬೇಕಾದಷ್ಟಿವೆ. ಅಲ್ಲಿ ಸವಾರಿ ಮಾಡಬಹುದೇ? — ಓದುಗರು, ಮುಡಿಪು*

ನಿಜವಾದ ಗ್ರಾವೆಲ್ ಇರುವುದು ನಿಮ್ಮಲ್ಲೇ. ಮುರಕಲ್ಲಿನ, ಅಂದರೆ ಅದೇ ಕೆಂಪುಕಲ್ಲಿನ, ಹುಡಿಯೂ ಉರುಟು ಹರಳೂ ಸೇರಿದ ಆ ನೆಲ ಡಿಸೆಂಬರ್ ಹೊತ್ತಿಗೆ ಗಟ್ಟಿಯಾಗಿ ಕೂತಿರುತ್ತದೆ. ಇಳಿಜಾರಿನಲ್ಲಿ ಹರಳು ಉರುಳುತ್ತದೆ, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ. ಕೋರೆ ಕೆಲಸ ಮಾಡುವ ದಿನಗಳಲ್ಲಿ ಕಲ್ಲಿನ ಲಾರಿಗಳಿರುತ್ತವೆ, ಭಾನುವಾರ ಉತ್ತಮ.

ಅಪಾಯವಿರುವುದು ಕೈಬಿಟ್ಟ ಕೋರೆಗಳಲ್ಲಿ. ಯಂತ್ರದಿಂದ ನೇರಕ್ಕೆ ಕೊರೆದ ಗೋಡೆ, ಸುತ್ತ ಬೇಲಿಯಿಲ್ಲ, ಕೆಳಗೆ ಮಳೆಗಾಲದ ನೀರು. ಬಿದ್ದವರಿಗೆ ಹತ್ತಿ ಬರಲು ಮೆಟ್ಟಿಲಿರುವುದಿಲ್ಲ. ಮುಳಿಹುಲ್ಲು ಬೆಳೆದಾಗ ಅಂಚೇ ಕಾಣುವುದಿಲ್ಲ. ಆದ್ದರಿಂದ ಹೊಸ ದಾರಿಯನ್ನು ಮೊದಲು ಹಗಲಿನಲ್ಲಿ ನಡೆದು ನೋಡಿ, ಕತ್ತಲಾದ ಮೇಲೆ ಎಷ್ಟೇ ಒಳ್ಳೆಯ ದೀಪವಿದ್ದರೂ ಹೋಗಬೇಡಿ. ಮಳೆಗಾಲದಲ್ಲಿ ಬರಿ ಬಂಡೆಯ ಮೇಲೆ ಪಾಚಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತೆಳು ಮಣ್ಣಿನಲ್ಲಿ ಅರಳುವ ನೀಲಿ ಹೂಗಳ ನಡುವೆ ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಇರುತ್ತವೆ. ಆ ದಿನಗಳಲ್ಲಿ ಸೈಕಲನ್ನು ರಸ್ತೆಯಲ್ಲೇ ಒರಗಿಸಿ ಕಾಲ್ನಡಿಗೆಯಲ್ಲಿ ಹೋಗಿ.

*ಪ್ರಶ್ನೆ: ಕಡಲ ತೀರದ ಮರಳಿನ ಮೇಲೆಯೇ ಓಡಿಸಿದರೆ ಹೇಗೆ? — ಓದುಗರು, ಸಸಿಹಿತ್ಲು*

ಇಳಿತದ ಹೊತ್ತಿನಲ್ಲಿ, ನೀರು ಆಗತಾನೇ ಬಿಟ್ಟುಹೋದ ಗಟ್ಟಿ ಮರಳಿನ ಮೇಲೆ ಮಾತ್ರ. ಇಳಿತದ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಕಳೆದ ಭಾನುವಾರದ ಲೆಕ್ಕ ಈ ಭಾನುವಾರಕ್ಕೆ ಸಲ್ಲದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಕಡಲ್ಕೊರೆತಕ್ಕೆ ಬಂಡೆ ಸುರಿದ ಕಡೆ ಓಡಿಸಲು ಮರಳೇ ಉಳಿದಿರುವುದಿಲ್ಲ. ಚಳಿಗಾಲದಲ್ಲಿ ನಮ್ಮ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ಕುಂದಾಪುರದ ಕೋಡಿಯಲ್ಲಿ ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಹಾಗಾಗಿ ಮೇಲಿನ ಒಣ ಮರಳಿಗೆ ಹೋಗಲೇಬೇಡಿ.

ಮನೆಗೆ ಬಂದ ಕೂಡಲೇ, ಸ್ನಾನಕ್ಕಿಂತ ಮೊದಲು, ಬಾವಿ ನೀರಿನಿಂದ ಸೈಕಲ್ ತೊಳೆಯಿರಿ. ಜೋರಾಗಿ ಚಿಮ್ಮಿಸಿದರೆ ಬೇರಿಂಗಿಗೆ ನೀರು ಹೊಗುತ್ತದೆ, ಚೊಂಬಿನಿಂದ ಹೊಯ್ಯಿರಿ. ಒರೆಸಿ ಚೈನಿಗೆ ಎಣ್ಣೆ ಬಿಡಿ. ಸೀಟಿನ ಕಂಬವನ್ನು ಆಗಾಗ ಕಳಚಿ ಗ್ರೀಸ್ ಹಚ್ಚದಿದ್ದರೆ ಉಪ್ಪಿಗೆ ಅದು ಚೌಕಟ್ಟಿಗೇ ಕಚ್ಚಿಕೊಳ್ಳುತ್ತದೆ.

*ಪ್ರಶ್ನೆ: ಗ್ರಾವೆಲ್ ಬೈಕೇ ಬೇಕೇ? — ಓದುಗರು, ಕಟಪಾಡಿ*

ಬೇಡ. ಬ್ಯಾಂಕಿನಿಂದ ನಿವೃತ್ತನಾದಾಗ ಕೊಂಡ ಹೈಬ್ರಿಡ್ (ಡಾಮರಿಗೂ ಮಣ್ಣಿಗೂ ನಡುವಿನ ಬಗೆಯ) ಸೈಕಲ್ಲಿನಲ್ಲೇ ಮೇಲಿನ ದಾರಿಗಳನ್ನೆಲ್ಲ ನಾನು ಓಡಾಡಿದ್ದೇನೆ. ಚೌಕಟ್ಟಿನಲ್ಲಿ ಜಾಗವಿದ್ದರೆ 40 ಮಿಲಿಮೀಟರ್ ಅಗಲದ ಟಯರ್ ಹಾಕಿಸಿ, ಗಾಳಿಯ ಒತ್ತಡವನ್ನು 40 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಅಂಗಡಿಯ ಹುಡುಗ 80 ತುಂಬಲು ಬಂದರೆ ತಡೆಯಿರಿ.

*ಪ್ರಶ್ನೆ: ಕೊಂಕಣ ರೈಲು ಹಳಿಯ ಪಕ್ಕದ ಜಲ್ಲಿ ದಾರಿ ನೇರವಾಗಿ, ಖಾಲಿಯಾಗಿ ಕಾಣುತ್ತದೆ. ಅಲ್ಲಿ? — ಓದುಗರು, ಇನ್ನಂಜೆ*

ಕೂಡದು. ರೈಲ್ವೆ ಕಾಯ್ದೆ, 1989ರ 147ನೇ ಕಲಮಿನಂತೆ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇನ್ನಂಜೆಯಿಂದ ಮಟ್ಟು ಬಹಳ ದೂರವಿಲ್ಲ, ಹೆದ್ದಾರಿಯನ್ನು ಒಮ್ಮೆ ಅಡ್ಡ ದಾಟಿದರೆ ಸಾಕು.