ಬ್ರಿಟಿಷ್ ಯುದ್ಧಚಿತ್ರಗಳು ನಿಜಕ್ಕೂ ಪ್ರಾಮಾಣಿಕವೇ?

‘ಡನ್‌ಕರ್ಕ್’ ಮತ್ತು ‘1917’ ಚಿತ್ರಗಳನ್ನು ನೋಡಿದ ಮೇಲೆ ನೀವು ಎರಡು ವಿಷಯ ಕೇಳಿದ್ದೀರಿ: ಅಬ್ಬರವಿಲ್ಲದೆ, ಸೋಲನ್ನೂ ಭಯವನ್ನೂ ಮುಚ್ಚಿಡದೆ ತೋರಿಸುವ ಬ್ರಿಟಿಷ್ ಯುದ್ಧಚಿತ್ರಗಳು ಬೇರೆಯವರ ಚಿತ್ರಗಳಿಗಿಂತ ಪ್ರಾಮಾಣಿಕವೇ, ಮತ್ತು ಮುಂದೆ ಯಾವುದನ್ನು ನೋಡಬೇಕು. ಇಂಗ್ಲೆಂಡಿನ ಉತ್ತರ ಭಾಗದ ಊರೊಂದರಲ್ಲಿ ಒಂಬತ್ತು ವರ್ಷ ಇದ್ದವನು ನಾನು. ಅಲ್ಲಿ ರಜೆಯ ದಿನ ಮಧ್ಯಾಹ್ನ ಟಿ.ವಿ. ಹಾಕಿದರೆ ಯಾವುದಾದರೊಂದು ಚಾನೆಲ್‌ನಲ್ಲಿ ಹಳೆಯ ಕಪ್ಪು-ಬಿಳುಪು ಯುದ್ಧಚಿತ್ರ ಬರುತ್ತಲೇ ಇರುತ್ತಿತ್ತು. ಚಳಿಗೆ ಹೊರಗೆ ಹೋಗಲಾರದೆ ನೋಡತೊಡಗಿದ್ದು ಕೊನೆಗೆ ಬಿಡದ ಗೀಳಾಯಿತು. ಅಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇದು: ಪರದೆಯ ಮೇಲೆ ಯಾರನ್ನು ತಂದು ನಿಲ್ಲಿಸುತ್ತಾರೋ ಅವರ ಮಟ್ಟಿಗೆ ಬ್ರಿಟಿಷರು ಬಹುತೇಕ ಸತ್ಯವನ್ನೇ ಹೇಳುತ್ತಾರೆ, ಆದರೆ ಯಾರನ್ನು ಪರದೆಗೆ ತರಬೇಕು ಎಂಬಲ್ಲಿ ಅವರ ಕೈ ಬಹುಕಾಲ ಬಿಗಿಯಾಗಿಯೇ ಇತ್ತು.

ಮೊದಲಿಗೆ 1916ಕ್ಕೆ ಹೋಗಬೇಕು. ಆ ವರ್ಷದ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷ್ ಸೇನೆ ಒಂದೇ ದಿನದಲ್ಲಿ 57,470 ಮಂದಿಯನ್ನು ಸಾವು-ನೋವಿನಲ್ಲಿ ಕಳೆದುಕೊಂಡಿತು. ಅವರಲ್ಲಿ ಸತ್ತವರೇ 19,240. ಜೆಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮೆಕ್‌ಡೊವೆಲ್ ಎಂಬ ಇಬ್ಬರು ಛಾಯಾಗ್ರಾಹಕರು ಅಲ್ಲಿ ತೆಗೆದ ‘ದಿ ಬ್ಯಾಟಲ್ ಆಫ್ ದ ಸೋಮ್’ ಆಗಸ್ಟ್ ತಿಂಗಳಲ್ಲೇ, ಅಂದರೆ ಕಾಳಗ ಇನ್ನೂ ನಡೆಯುತ್ತಿರುವಾಗಲೇ ಚಿತ್ರಮಂದಿರಗಳಿಗೆ ಬಂತು. ಮೊದಲ ಆರು ವಾರಗಳಲ್ಲಿ ಸುಮಾರು 2 ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು. ಸೈನಿಕರು ಕಂದಕದಿಂದ ಮೇಲೆ ಹತ್ತುವಾಗ ಒಬ್ಬ ಅಂಚಿನಲ್ಲೇ ಕುಸಿದು ಮಣ್ಣಿನ ಇಳಿಜಾರಿನಲ್ಲಿ ಹಿಂದಕ್ಕೆ ಜಾರುವ ದೃಶ್ಯ ಅದರಲ್ಲಿ ಎಲ್ಲರ ಮನಸ್ಸಿನಲ್ಲಿ ಉಳಿದದ್ದು. ಆ ದೃಶ್ಯ ಯುದ್ಧಭೂಮಿಯಲ್ಲಿ ತೆಗೆದದ್ದಲ್ಲ, ಹಿಂಬದಿಯ ತರಬೇತಿ ಜಾಗದಲ್ಲಿ ಮಾಡಿಸಿದ್ದು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಹಾಗೆ ಮಾಡಿಸಿದ್ದು ಕೆಲವು ಕ್ಷಣಗಳಷ್ಟೇ. ಉಳಿದಂತೆ ಕಾಣುವ ಗಾಯಾಳುಗಳೂ ಹೆಣಗಳೂ ನಿಜವಾದವು. ಯುದ್ಧ ಮುಗಿಯುವ ಮೊದಲೇ ಒಂದು ಸರ್ಕಾರ ತನ್ನ ಸೈನಿಕರ ಹೆಣಗಳನ್ನು ತನ್ನದೇ ಜನಕ್ಕೆ ತೋರಿಸಲು ಒಪ್ಪಿದ್ದು ಸಣ್ಣ ಮಾತಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಇಂದು ನಾವು ಬ್ರಿಟಿಷ್ ಶೈಲಿ ಎಂದು ಗುರುತಿಸುವ ಆ ಸಂಯಮ ಬಲಿತಿತ್ತು. ಅಳು ಬಂದರೂ ನುಂಗಿಕೊಂಡು, ಮುಖದಲ್ಲಿ ತೋರಗೊಡದೆ, ಮುಂದಿನ ಕೆಲಸಕ್ಕೆ ಹೋಗುವ ಮನುಷ್ಯನೇ ಅವರ ನಾಯಕ. ಪವೆಲ್ ಮತ್ತು ಪ್ರೆಸ್‌ಬರ್ಗರ್ ಎಂಬ ನಿರ್ದೇಶಕ ಜೋಡಿಯ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ 1943ರಲ್ಲಿ, ಯುದ್ಧದ ನಟ್ಟನಡುವೆ, ಇಂಗ್ಲಿಷ್ ಸೇನಾಧಿಕಾರಿಗೆ ಒಬ್ಬ ಒಳ್ಳೆಯ ಜರ್ಮನ್ ಗೆಳೆಯನನ್ನು ಕೊಟ್ಟಿತು. ಚರ್ಚಿಲ್ ಆ ಚಿತ್ರವನ್ನು ತಡೆಯಲು ಪ್ರಯತ್ನಿಸಿದರು, ಆದರೂ ಅದು ತೆರೆಕಂಡಿತು. ಮುದಿಯಾದ ಆ ಜರ್ಮನ್, ನಾಜಿಗಳಿಂದ ತಪ್ಪಿಸಿಕೊಂಡು ಬಂದು, ಇಂಗ್ಲೆಂಡಿನಲ್ಲಿ ಇರಲು ಅನುಮತಿ ಕೇಳುತ್ತ ಅಧಿಕಾರಿಯೊಬ್ಬನ ಎದುರು ಮೆಲ್ಲಗೆ ತನ್ನ ಕಥೆ ಹೇಳಿಕೊಳ್ಳುವ ದೃಶ್ಯದಲ್ಲಿ ಆಂಟನ್ ವಾಲ್‌ಬ್ರುಕ್ ಅವರ ಮುಖವನ್ನು ನೋಡಿ. ಶತ್ರುದೇಶದವನನ್ನು ಅಷ್ಟು ಮರ್ಯಾದೆಯಿಂದ ಕಂಡ ಚಿತ್ರ ಆ ಕಾಲದಲ್ಲಿ ಬಹಳ ಅಪರೂಪ.

ನಾನು ಎಲ್ಲಕ್ಕಿಂತ ಮೇಲೆ ಇಡುವುದು 1953ರ ‘ದಿ ಕ್ರೂಯೆಲ್ ಸೀ’ಯನ್ನು. ಅಟ್ಲಾಂಟಿಕ್ ಸಾಗರದಲ್ಲಿ ಸರಕುಹಡಗುಗಳಿಗೆ ಬೆಂಗಾವಲಾಗಿ ಹೋಗುವ ‘ಕಾಂಪಸ್ ರೋಸ್’ ಎಂಬ ಚಿಕ್ಕ ಹಡಗಿನ ಕಥೆ ಅದು. ಒಂದು ಹಡಗು ಮುಳುಗಿ, ಅದರ ನಾವಿಕರು ನೀರಿನಲ್ಲಿ ತೇಲುತ್ತಿದ್ದಾರೆ. ಶಬ್ದದ ಅಲೆಯಿಂದ ಸಬ್‌ಮರೀನ್ ಹುಡುಕುವ ಯಂತ್ರ ಅದೇ ಹೊತ್ತಿಗೆ ಸುಳಿವು ಕೊಡುತ್ತದೆ, ಅದೂ ಸರಿಯಾಗಿ ಆ ನಾವಿಕರು ತೇಲುತ್ತಿರುವ ಜಾಗದ ಕೆಳಗೆ. ಹಡಗು ತಮ್ಮ ಕಡೆಗೇ ತಿರುಗಿದ್ದನ್ನು ಕಂಡ ಅವರು ರಕ್ಷಣೆ ಬಂತೆಂದು ಕೈ ಬೀಸುತ್ತಾರೆ. ಜ್ಯಾಕ್ ಹಾಕಿನ್ಸ್ ಅಭಿನಯದ ಕ್ಯಾಪ್ಟನ್ ಒಂದು ಕ್ಷಣ ತಡೆಯುತ್ತಾನೆ, ಆಮೇಲೆ ನೀರಿನಾಳದಲ್ಲಿ ಸಿಡಿಯುವ ಬಾಂಬುಗಳನ್ನು ಹಾಕಲು ಆಜ್ಞೆ ಕೊಡುತ್ತಾನೆ. ಅವನ ಸ್ವಂತ ಹಡಗಿನಿಂದಲೇ ಯಾರೋ ‘ಕೊಲೆಗಾರ’ ಎಂದು ಕೂಗುತ್ತಾರೆ. ಕೆಳಗೆ ನಿಜವಾಗಿ ಸಬ್‌ಮರೀನ್ ಇತ್ತೋ ಇಲ್ಲವೋ ಎಂಬುದು ಚಿತ್ರ ಮುಗಿದರೂ ತೀರ್ಮಾನವಾಗುವುದಿಲ್ಲ. ಇದನ್ನು ನಾನು ನೆರೆಮನೆಯ ಹಿರಿಯರೊಬ್ಬರ ಜೊತೆ ಕೂತು ನೋಡಿದೆ. ಅವರ ತಂದೆ ಅಂಥದ್ದೇ ಹಡಗಿನಲ್ಲಿ ದುಡಿದವರು. ಆ ದೃಶ್ಯ ಬಂದಾಗ ಅವರು ಏನೂ ಮಾತಾಡಲಿಲ್ಲ. ಚಿತ್ರ ಮುಗಿದು ಬಹಳ ಹೊತ್ತಿನ ಮೇಲೆ, “ನಮ್ಮಪ್ಪ ಇದನ್ನು ಒಂದೇ ಸಲ ನೋಡಿದ್ದು” ಎಂದಷ್ಟೇ ಹೇಳಿ ಎದ್ದುಹೋದರು.

ಅದೇ ಕಾಲದ ‘ದಿ ಡ್ಯಾಮ್ ಬಸ್ಟರ್ಸ್’ (1955) ಅಷ್ಟೇ ಸಂಯಮದ ಚಿತ್ರ, ಮತ್ತು ನನ್ನ ತಕರಾರು ಶುರುವಾಗುವುದೂ ಅಲ್ಲಿಂದಲೇ. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೋದ 19 ವಿಮಾನಗಳಲ್ಲಿ 8 ಮರಳಲಿಲ್ಲ. 133 ಮಂದಿಯಲ್ಲಿ 53 ಮಂದಿ ಸತ್ತರು. ಚಿತ್ರದ ಕೊನೆಯಲ್ಲಿ, ಬಾಂಬು ರೂಪಿಸಿದ ವಿಜ್ಞಾನಿ ಸತ್ತ ಹುಡುಗರನ್ನು ನೆನೆದು ಕುಗ್ಗಿಹೋದಾಗ, ದಳದ ನಾಯಕ ತಾನಿನ್ನು ಕೆಲವು ಕಾಗದ ಬರೆಯುವುದಿದೆ ಎಂದು ಹೇಳಿ ಒಬ್ಬನೇ ನಡೆದುಹೋಗುತ್ತಾನೆ. ಯಾರಿಗೆ ಕಾಗದ ಎಂದು ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ. ಆದರೆ ಒಡೆದ ಅಣೆಕಟ್ಟಿನ ನೀರು ಕಣಿವೆಯಲ್ಲಿ ನುಗ್ಗಿದಾಗ ಸತ್ತವರು 1,300ಕ್ಕೂ ಹೆಚ್ಚು. ಅವರಲ್ಲಿ ನೂರಾರು ಮಂದಿ ಸೋವಿಯತ್ ನಾಡುಗಳಿಂದ ಜರ್ಮನರು ಹಿಡಿದುತಂದು ಬಲವಂತವಾಗಿ ದುಡಿಸುತ್ತಿದ್ದವರು, ಬಹಳಷ್ಟು ಹೆಂಗಸರು. ಅವರಲ್ಲಿ ಒಬ್ಬರ ಮುಖವೂ ಚಿತ್ರದಲ್ಲಿಲ್ಲ. 53 ಮಂದಿಗಾಗಿ ಅಷ್ಟು ನಿಜವಾಗಿ ಮರುಗುವ ಚಿತ್ರ ಅವರ ಕಡೆಗೆ ತಿರುಗಿಯೂ ನೋಡುವುದಿಲ್ಲ.

‘ದಿ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ (1957) ವಿಷಯದಲ್ಲಿ ಇದು ನಮಗೆ ಇನ್ನೂ ಹತ್ತಿರದ ನೋವು. ಆ ಚಿತ್ರದ ಹಿನ್ನೆಲೆಯಾದ ಬರ್ಮಾ–ಸಯಾಮ್ (ಇಂದಿನ ಥಾಯ್ಲೆಂಡ್) ರೈಲುಮಾರ್ಗದಲ್ಲಿ ಜಪಾನೀಯರ ಕೈಕೆಳಗೆ ಸತ್ತ ಮಿತ್ರರಾಷ್ಟ್ರಗಳ ಯುದ್ಧಕೈದಿಗಳು ಸುಮಾರು 12,000. ಏಷ್ಯಾದ ಕೂಲಿಕಾರರು ಸುಮಾರು 90,000 ಎಂದು ಅಂದಾಜು. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಅವರಲ್ಲಿ ಸಾವಿರಾರು ಮಂದಿ. ಸಿಂಹಳದ ಕಾಡಿನಲ್ಲಿ ಚಿತ್ರೀಕರಿಸಿದ ಆ ಚಿತ್ರ ನೋಡಿದವರಿಗೆ ಕೂಲಿಗಳು ಅಲ್ಲಿದ್ದರು ಎಂಬುದೇ ತಿಳಿಯುವುದಿಲ್ಲ. ಅಲೆಕ್ ಗಿನ್ನಿಸ್ ಅಭಿನಯವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಕರ್ತವ್ಯನಿಷ್ಠೆಯೇ ಹುಚ್ಚಾಗುವ ಪರಿಯನ್ನು ಅಷ್ಟು ಚೆನ್ನಾಗಿ ತೋರಿಸಿದವರು ಬೇರೆ ಇಲ್ಲ. ಆದರೂ ಆ ಎಣಿಕೆಯನ್ನು ಮರೆಯಲು ಆಗುವುದಿಲ್ಲ.

ಚಿತ್ರದಿಂದ ತಮ್ಮನ್ನು ಕೈಬಿಟ್ಟರೆ ಹೇಗೆ ಅನ್ನಿಸುತ್ತದೆ ಎಂಬುದು ಬ್ರಿಟಿಷರಿಗೂ ಗೊತ್ತಿತ್ತು. ಹಾಲಿವುಡ್ಡಿನ ‘ಆಬ್ಜೆಕ್ಟಿವ್, ಬರ್ಮಾ!’ 1945ರಲ್ಲಿ ಲಂಡನ್ನಿಗೆ ಬಂದಾಗ, ಬರ್ಮಾವನ್ನು ಅಮೆರಿಕನ್ನರೇ ಗೆದ್ದಂತೆ ತೋರಿಸಿದ್ದಾರೆಂದು ಪತ್ರಿಕೆಗಳು ಎಷ್ಟು ಸಿಟ್ಟಾದವೆಂದರೆ, ವಾರದೊಳಗೆ ಚಿತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. 1952ರವರೆಗೆ ಅದು ಅಲ್ಲಿ ಮತ್ತೆ ತೆರೆಕಾಣಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಬರ್ಮಾದಲ್ಲಿ ಕಾದಾಡಿದ ಹದಿನಾಲ್ಕನೇ ಸೇನೆಯಲ್ಲಿ ಬಹುಪಾಲು ಮಂದಿ ಭಾರತೀಯರು, ಜೊತೆಗೆ ಆಫ್ರಿಕದ ದಳಗಳೂ ಇದ್ದವು. ಆಮೇಲೆ ಬ್ರಿಟಿಷರೇ ತೆಗೆದ ಯುದ್ಧಚಿತ್ರಗಳಲ್ಲಿ ಅವರಿಗೆ ಸಿಕ್ಕ ಜಾಗ ಬಹಳ ಕಡಿಮೆ. ಒಂದು ಚಿತ್ರವನ್ನು ಮಾತ್ರ ಬೇರೆಯಾಗಿ ಹೇಳಬೇಕು: 1959ರ ‘ಯೆಸ್ಟರ್‌ಡೇಸ್ ಎನಿಮಿ’. ಅದರಲ್ಲಿ ಬ್ರಿಟಿಷ್ ಕ್ಯಾಪ್ಟನ್ ಒಬ್ಬ, ಸೆರೆಸಿಕ್ಕವನೊಬ್ಬನ ಬಾಯಿ ಬಿಡಿಸುವುದಕ್ಕಾಗಿ ಬರ್ಮಾದ ಇಬ್ಬರು ನಿರಪರಾಧಿ ಹಳ್ಳಿಗರನ್ನು ಗುಂಡಿಟ್ಟು ಕೊಲ್ಲಿಸುತ್ತಾನೆ. ಮುಂದೆ ಅವನು ಸೆರೆಸಿಕ್ಕಾಗ ಜಪಾನಿ ಅಧಿಕಾರಿ ಅದೇ ಲೆಕ್ಕವನ್ನು ಅವನ ಮುಂದಿಡುತ್ತಾನೆ. ಅಂಥ ಧೈರ್ಯವನ್ನು ಆ ದಶಕದ ಹೆಸರಾಂತ ಚಿತ್ರಗಳು ಮಾಡಲಿಲ್ಲ.

ನನ್ನ ಅನುಭವದಲ್ಲಿ, ಚೌಕಟ್ಟನ್ನು ನಿಜವಾಗಿ ಅಗಲ ಮಾಡಿದ್ದು ಟಿ.ವಿ. ಪೀಟರ್ ವಾಟ್ಕಿನ್ಸ್ 1965ರಲ್ಲಿ ಬಿಬಿಸಿಗಾಗಿ ‘ದಿ ವಾರ್ ಗೇಮ್’ ಮಾಡಿದರು. ಕೆಂಟ್ ಪ್ರದೇಶದ ಮೇಲೆ ಅಣುಬಾಂಬು ಬಿದ್ದರೆ ಏನಾಗುತ್ತದೆ ಎಂಬುದನ್ನು, ನಟರಲ್ಲದ ಸಾಮಾನ್ಯ ಜನರನ್ನಿಟ್ಟುಕೊಂಡು, ಸುದ್ದಿಚಿತ್ರದ ರೀತಿಯಲ್ಲಿ ತೋರಿಸಿದ ಅದು ಒಂದು ಗಂಟೆಯೂ ಇಲ್ಲ. ಬಿಬಿಸಿ ಅದನ್ನು ಪ್ರಸಾರ ಮಾಡಲು ಹಿಂಜರಿಯಿತು. ಚಿತ್ರಮಂದಿರಗಳಲ್ಲಿ ಓಡಿ ಸಾಕ್ಷ್ಯಚಿತ್ರಕ್ಕೆ ಕೊಡುವ ಆಸ್ಕರ್ ಪಡೆದರೂ ಮನೆಯ ಪರದೆಗೆ ಬರಲು 1985ರವರೆಗೆ ಕಾಯಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ‘ಥ್ರೆಡ್ಸ್’ ಶೆಫೀಲ್ಡ್ ನಗರವನ್ನು ಅದೇ ಗತಿಗೆ ಒಡ್ಡಿ ತೋರಿಸಿತ್ತು. ಅದನ್ನು ರಾತ್ರಿ ಒಬ್ಬರೇ ನೋಡಬೇಡಿ ಎಂದು ನಿಮಗೆ ಕಳಕಳಿಯಿಂದ ಹೇಳುತ್ತೇನೆ.

‘ದಿ ವರ್ಲ್ಡ್ ಅಟ್ ವಾರ್’ 1973–74ರಲ್ಲಿ 26 ಕಂತುಗಳಲ್ಲಿ ಬಂದ, ಎರಡನೇ ಮಹಾಯುದ್ಧದ ಬಗೆಗಿನ ಟಿ.ವಿ. ಸಾಕ್ಷ್ಯಚಿತ್ರ ಧಾರಾವಾಹಿ. ಅದು ಸೇನಾಪತಿಯಿಂದಲೂ ಆರಂಭವಾಗುವುದಿಲ್ಲ, ಫಿರಂಗಿಯಿಂದಲೂ ಆರಂಭವಾಗುವುದಿಲ್ಲ. ಫ್ರಾನ್ಸಿನ ಓರಡೂರ್ ಎಂಬ ಹಳ್ಳಿಯ ಖಾಲಿ ಬೀದಿ, ಮಾಡಿಲ್ಲದ ಗೋಡೆಗಳು. 1944ರ ಜೂನ್ 10ರಂದು ಜರ್ಮನ್ ಸೈನಿಕರು ಅಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದರು. ನಿರೂಪಕ ಲಾರೆನ್ಸ್ ಒಲಿವಿಯೇ ಅವರ ಧ್ವನಿ ಏರುವುದೂ ಇಲ್ಲ, ನಡುಗುವುದೂ ಇಲ್ಲ. ಈಗ ಇಲ್ಲಿ ಯಾರೂ ವಾಸವಾಗಿಲ್ಲ ಎಂಬುದನ್ನು ಸುಮ್ಮನೆ ತಿಳಿಸುತ್ತದೆ. ಮುಂದೆ ಆ ಧಾರಾವಾಹಿ ರಷ್ಯದ ಮುದುಕಿಯನ್ನೂ ಜಪಾನಿ ಸೈನಿಕನನ್ನೂ ಹಿಟ್ಲರನ ಕಾರ್ಯದರ್ಶಿಯನ್ನೂ ಒಂದೇ ಸಮಾಧಾನದಿಂದ ಕೂರಿಸಿ ಮಾತಾಡಿಸುತ್ತದೆ. ಸಂಯಮದ ಆ ಹಳೆಯ ಗುಣಕ್ಕೆ ಅಗಲವಾದ ಚೌಕಟ್ಟು ಸಿಕ್ಕರೆ ಏನಾಗಬಹುದು ಎಂಬುದಕ್ಕೆ ನಾನು ಬೊಟ್ಟು ಮಾಡುವುದು ಇದನ್ನೇ.

ಹಾಸ್ಯ ಧಾರಾವಾಹಿಗಳನ್ನು ಹಗುರವೆಂದು ಬಿಡಬೇಡಿ. 1989ರ ‘ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್’ ಆರು ಕಂತು ಕಂದಕದಲ್ಲಿ ನಗಿಸಿ, ಕೊನೆಗೆ ಎಲ್ಲರನ್ನೂ ಗುಂಡಿನ ಮಳೆಗೆ ಕಳಿಸಿ, ಆ ಬಯಲು ನಿಧಾನವಾಗಿ ಕೆಂಪು ಹೂವಿನ ಹೊಲವಾಗುವುದನ್ನು ತೋರಿಸಿ ಮುಗಿಯುತ್ತದೆ. ಇಂಥವು ಜನರಲ್ಲಿ ಮೊದಲ ಮಹಾಯುದ್ಧದ ಬಗ್ಗೆ ತಪ್ಪು ಕಲ್ಪನೆ ಬೆಳೆಸಿವೆ ಎಂದು 2014ರಲ್ಲಿ ಅಲ್ಲಿನ ಶಿಕ್ಷಣ ಸಚಿವರೇ ಆಕ್ಷೇಪಿಸಿದ್ದರು. 1918ರ ಗೆಲುವನ್ನು ಆ ಚಿತ್ರಣ ಮರೆಸುತ್ತದೆ ಎಂಬ ಅಷ್ಟು ಭಾಗ ನನಗೂ ಒಪ್ಪಿಗೆ. 1982ರಲ್ಲಿ ಅರ್ಜೆಂಟೀನಾದೊಡನೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದ ವಿಷಯದಲ್ಲಿ 1988ರ ‘ಟಂಬಲ್‌ಡೌನ್’ ಒಂದನ್ನೇ ನೋಡಿದರೂ ಸಾಕು: ತಲೆಗೆ ಗುಂಡು ತಗಲಿ ಅರ್ಧ ಮೈ ಸ್ವಾಧೀನ ತಪ್ಪಿದ ತರುಣ ಅಧಿಕಾರಿ ಊರಿಗೆ ಮರಳಿದಾಗ, ಗೆಲುವಿನ ಸಂಭ್ರಮದಲ್ಲಿ ಅವನನ್ನು ಎಲ್ಲಿಡಬೇಕೆಂದೇ ಯಾರಿಗೂ ತಿಳಿಯುವುದಿಲ್ಲ.

ಈಗ ನೀವು ನೋಡಿದ ಎರಡು ಚಿತ್ರಗಳಿಗೆ ಬರುತ್ತೇನೆ. 1940ರಲ್ಲಿ ಜರ್ಮನರ ಮುತ್ತಿಗೆಗೆ ಸಿಕ್ಕಿ ಫ್ರಾನ್ಸಿನ ಡನ್‌ಕರ್ಕ್ ಕಡಲತೀರದಿಂದ ಹಡಗುಗಳಲ್ಲಿ ಪಾರಾದ 3,38,226 ಮಂದಿಯಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಲು ಹೋಗಿದ್ದ ಭಾರತೀಯ ಸೈನಿಕರೂ ಇದ್ದರು. 2017ರ ಚಿತ್ರದಲ್ಲಿ ಅವರು ಕಾಣುವುದಿಲ್ಲ. ‘1917’ರಲ್ಲಿ ಲಾರಿಯೊಳಗೆ ಒಬ್ಬ ಸಿಖ್ ಸೈನಿಕ ಕೂತಿರುವುದನ್ನು ನೀವು ಗಮನಿಸಿರಬಹುದು. ಬ್ರಿಟಿಷ್ ಪದಾತಿಯವರ ನಡುವೆ ಹಾಗೆ ಒಂಟಿಯಾಗಿ ಕೂತಿರುವುದು ಆಗಿನ ಸೇನೆಯ ಏರ್ಪಾಡಿಗೆ ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಭಾರತದ ಪದಾತಿ ದಳಗಳು 1915ರ ಕೊನೆಗೇ ಫ್ರಾನ್ಸನ್ನು ಬಿಟ್ಟಿದ್ದವು. ಆದರೆ ನಮ್ಮ ಅಶ್ವದಳಗಳು 1917ರಲ್ಲೂ ಅಲ್ಲೇ ಇದ್ದವು. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದ ಗೋಡೆಯ ಮೇಲೆ ಗೋರಿ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಒಬ್ಬನನ್ನು ಲಾರಿಯಲ್ಲಿ ಕೂರಿಸುವ ಬದಲು ಆ ಅಶ್ವದಳವನ್ನೇ ಒಂದು ಬಯಲಿನಲ್ಲಿ ತೋರಿಸಿದ್ದರೆ ಸತ್ಯವೂ ಆಗುತ್ತಿತ್ತು, ಕಣ್ಣಿಗೂ ತುಂಬುತ್ತಿತ್ತು. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದದ್ದು ಇದೇ ಬ್ರಿಟಿಷ್ ಸೈನ್ಯದ ಪರವಾಗಿ. ಮೆಷಿನ್‌ಗನ್ನುಗಳ ಎದುರು ಈಟಿ ಹಿಡಿದು ಕುದುರೆಯ ಮೇಲೆ ನುಗ್ಗಿದ ಆ ಕಥೆ ನಾನು ನೋಡಿದ ಯಾವ ಬ್ರಿಟಿಷ್ ಚಿತ್ರದಲ್ಲೂ ಇಲ್ಲ, ಮತ್ತು ಆ ಕೊರತೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಯಾವುದರಿಂದ ಆರಂಭಿಸಬೇಕು ಎಂದು ಕೇಳಿದ್ದೀರಲ್ಲ, ನಾನಾದರೆ 1916ರ ಆ ಮೂಕಿಚಿತ್ರದಿಂದಲೇ ಆರಂಭಿಸಿ ಎನ್ನುತ್ತೇನೆ. ಬಣ್ಣ, ಮಾತು ಸೇರಿಸಿ ಹೊಸದಾಗಿ ಮಾಡಿದ ಸಾಕ್ಷ್ಯಚಿತ್ರಗಳು ಈಗ ಸಿಗುತ್ತವೆ, ಅವು ಚೆನ್ನಾಗಿಯೂ ಇವೆ. ಆದರೆ ಮೊದಲ ಸಲ ಬಣ್ಣವಿಲ್ಲದೆಯೇ ನೋಡಿ. ಅದರಲ್ಲಿ ಬೋಮೊಂ-ಆಮೆಲ್ ಬಳಿ ತಗ್ಗಾದ ಒಂದು ಬಂಡಿದಾರಿ ಬರುತ್ತದೆ. ಜುಲೈ 1ರ ಬೆಳಗ್ಗೆ ಲ್ಯಾಂಕಷೈರ್ ಫ್ಯೂಸಿಲಿಯರ್ಸ್ ದಳದವರು ದಾಳಿಯ ಆಜ್ಞೆಗೆ ಕಾಯುತ್ತ ಅದರ ಮಗ್ಗುಲಿಗೆ ಒರಗಿ ಕೂತಿದ್ದಾರೆ. ಕೆಲವರು ಕ್ಯಾಮೆರಾ ಕಂಡು ನಗುತ್ತಾರೆ, ಕೆಲವರು ಅದನ್ನೇ ದಿಟ್ಟಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಬಹಳ ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡು ಬಿದ್ದಿದ್ದರು. ಅಲ್ಲಿ ನಟನೆಯಿಲ್ಲ, ಯಾರೂ ಏನನ್ನೂ ಮಾಡಿಸಿಲ್ಲ. ಆ ಕೆಲವು ಕ್ಷಣಗಳನ್ನು ಎರಡು ಮೂರು ಸಲ ನೋಡಿ, ಆಮೇಲೆ ‘ದಿ ಕ್ರೂಯೆಲ್ ಸೀ’ ಹಾಕಿಕೊಳ್ಳಿ.