"ಹೊಟ್ಟೆ ತೆರೆಯಬೇಕಾಗಬಹುದು" ಅಂದಿದ್ದು ಯಾಕೆ?

ನಮಸ್ಕಾರ. ಅಮ್ಮನ ಪಿತ್ತಕೋಶದ ಆಪರೇಷನ್ ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವುದು) ಅಂತ ಹೇಳಿ, "ಬೇಕಾದರೆ ಹೊಟ್ಟೆ ತೆರೆಯುತ್ತೇವೆ" ಅನ್ನುವ ಪತ್ರಕ್ಕೂ ಸಹಿ ಹಾಕಿಸಿಕೊಂಡಿದ್ದಾರೆ, ಡಾಕ್ಟರಿಗೆ ಕೈ ಪಳಗಿಲ್ಲವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಆ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇದರಲ್ಲಿ ದೊಡ್ಡ ಭಯ ಅಂದರೆ, ಪಿತ್ತಕೋಶದ ಸಣ್ಣ ನಾಳ ಅಂದುಕೊಂಡು ಪಿತ್ತದ ಮುಖ್ಯ ನಾಳವನ್ನೇ ಕತ್ತರಿಸಿಬಿಡುವುದು. ಊತ ಜಾಸ್ತಿ ಇದ್ದರೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ. 1995ರಲ್ಲಿ ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಇದಕ್ಕೊಂದು ಕ್ರಮ ಹೇಳಿದರು. ಕೊಬ್ಬು, ಪೊರೆ ಬಿಡಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಲಿವರ್‌ನಿಂದ ಎಬ್ಬಿಸಬೇಕು. ಅದರೊಳಗೆ ಹೋಗುವುದು ಎರಡೇ, ಒಂದು ಆ ಸಣ್ಣ ನಾಳ, ಒಂದು ರಕ್ತನಾಳ, ಅಂತ ಕಣ್ಣಾರೆ ಕಾಣಬೇಕು. ಆಮೇಲಷ್ಟೇ ಕ್ಲಿಪ್, ಕತ್ತರಿ. ಕಾಣಲಿಲ್ಲವೋ, ಕೈ ತಡೆಯಬೇಕು: ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆಯುವುದೋ, ಹೊಟ್ಟೆ ತೆರೆಯುವುದೋ. "ತೆರೆಯೋದೇ ಇಲ್ಲ" ಅನ್ನುವವರನ್ನು ಕಂಡರೇ ನನಗೆ ಭಯ.

ಆಪರೇಷನ್ ಆದಮೇಲೆ ಅಮ್ಮ ಭುಜ ನೋವು ಅಂದರೆ ಸುಮ್ನೆ ಗಾಬರಿಯಾಗಬೇಡಿ. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಣಕುತ್ತದೆ, ನೋವು ಭುಜದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಜ್ವರ, ಹಳದಿ ಕಣ್ಣು, ಏರುತ್ತಲೇ ಹೋಗುವ ಹೊಟ್ಟೆನೋವು ಇದ್ದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.