ರೋಮಿಗೆ ಹೋದ ದಾರಿ

ಪ್ರಶ್ನೆ: ಅಮ್ಮನವರೇ, ಮಗನಿಗೆ ವಿದೇಶದಲ್ಲಿ ನರ್ಸ್ ಕೆಲಸ ನಿಶ್ಚಯವಾಗಿತ್ತು. ವೀಸಾಕ್ಕಾಗಿ ಮನೆಯವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದೆವು, ಪ್ರತಿ ಸಂಜೆ 91ನೇ ಕೀರ್ತನೆ ಓದಿದೆವು. ವೀಸಾ ಸಿಗಲಿಲ್ಲ, ಸಾಲ ಉಳಿಯಿತು. ದೇವರ ಚಿತ್ತವೇ ನಡೆಯುವುದಾದರೆ ನಾವು ಯೋಜನೆ ಹಾಕುವುದೇ ತಪ್ಪೇ? ಆ ಕೀರ್ತನೆಯ ‘ಕಾಪಾಡುತ್ತೇನೆ’ ಎಂಬ ಮಾತಿಗೆ ಅರ್ಥವೇನು?
— ಓದುಗರೊಬ್ಬರು, ಹಾಸನ

ಉತ್ತರ: ಸಹೋದರಿ, ‘ಎಲ್ಲವೂ ದೇವರ ಚಿತ್ತ’ ಎಂದು ಒಂದೇ ಮಾತಿನಲ್ಲಿ ನಿಮ್ಮ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ. ತಿಂಗಳ ಕಂತು ಕಟ್ಟಬೇಕಾದವರಿಗೆ ಆ ಮಾತು ಸಾಲದು.

ಯೋಜನೆ ಹಾಕುವುದು ತಪ್ಪಲ್ಲ. ಊರೂರು ಸುತ್ತಿ ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೇ ಹಾಕಿದ್ದ. ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯ ತೆಗೆದು ನೋಡಿ: ಮೊದಲು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಪ್ಪಿಸುವುದು, ಆಮೇಲೆ ರೋಮ್, ಅಲ್ಲಿಂದ ಸ್ಪೇನ್. ಯೂದಾಯ ಸೀಮೆಯಲ್ಲಿರುವ ವಿರೋಧಿಗಳ ಕೈಯಿಂದ ತಪ್ಪುವಂತೆ ನನಗಾಗಿ ಪ್ರಾರ್ಥಿಸಿರಿ ಎಂದು ನಿಮ್ಮ ಹಾಗೆಯೇ ಅವನೂ ಬೇಡಿಕೊಂಡಿದ್ದ. ಆದರೆ ಯೆರೂಸಲೇಮಿನ ದೇವಾಲಯದಲ್ಲಿ ಜನ ಅವನನ್ನು ಹಿಡಿದು ಹೊಡೆದರು. ರೋಮಿನ ಸೈನಿಕರು ಬಂದು ಸರಪಳಿ ಹಾಕಿದರು.

ಈ ಕಥೆಯನ್ನು ಹೇಳುವ ಬೈಬಲಿನ ಪುಸ್ತಕ ಅಪೊಸ್ತಲರ ಕೃತ್ಯಗಳು. ಅದರ 23ನೇ ಅಧ್ಯಾಯದಲ್ಲಿ, ಪೌಲನನ್ನು ಕೊಲ್ಲುವವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ನಲವತ್ತಕ್ಕಿಂತ ಹೆಚ್ಚು ಜನ ಆಣೆ ಮಾಡುತ್ತಾರೆ. ಹಿಂದಿನ ರಾತ್ರಿಯಷ್ಟೇ ಕರ್ತನು ಪೌಲನ ಬಳಿ ನಿಂತು, ನೀನು ರೋಮಿನಲ್ಲಿಯೂ ಸಾಕ್ಷಿ ಹೇಳಬೇಕು ಎಂದಿದ್ದ. ಆ ಮಾತು ಉಳಿದದ್ದು ಯಾರಿಂದ? ಪೌಲನ ಅಕ್ಕನದೋ ತಂಗಿಯದೋ ಮಗನಿಂದ. ಸಂಚು ಅವನ ಕಿವಿಗೆ ಬಿತ್ತು, ಅವನು ಪೌಲನನ್ನು ಇಟ್ಟಿದ್ದ ಕೋಟೆಗೆ ಹೋದ. ರೋಮಿನ ಸೈನಿಕರ ಮುಖ್ಯಸ್ಥನಾದ ಸಹಸ್ರಾಧಿಪತಿ ಅವನ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಏನು ಹೇಳಬೇಕಾಗಿದೆ ಎಂದು ಕೇಳಿದ. ಆ ಕೈಹಿಡಿದದ್ದನ್ನು ಈ ಪುಸ್ತಕ ಬರೆದ ಲೂಕನು ದಾಖಲಿಸಿಟ್ಟದ್ದು ನನಗೆ ಬಹಳ ಇಷ್ಟ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿ ಹಿಡಿದವರು ಒಬ್ಬ ಕೈದಿಯ ಕಾವಲಿಗೆ ಹೊರಟರು.

ಭಾನುವಾರದ ಶಾಲೆಯಲ್ಲಿ ನಾನು ಈ ಕಥೆ ಹೇಳಿ ಮುಗಿಸಿದಾಗ ಏಳು ವರ್ಷದ ಹುಡುಗಿಯೊಬ್ಬಳು, ‘ಟೀಚರ್, ಆ ನಲವತ್ತು ಜನ ಆಮೇಲೆ ಊಟ ಮಾಡಿದರಾ?’ ಎಂದು ಕೇಳಿದಳು. ಬೈಬಲ್ ಅದನ್ನು ಹೇಳುವುದಿಲ್ಲ. ಅವರ ಪಂತವನ್ನು ಅಲ್ಲಿಗೇ ಬಿಟ್ಟು ಪೌಲನ ಹಿಂದೆ ಹೋಗುತ್ತದೆ.

ಆದರೆ ಆ ದಾರಿ ನೆಟ್ಟಗಿರಲಿಲ್ಲ. ಆ ಕಾವಲಿನವರು ಅವನನ್ನು ಒಯ್ದ ಕೈಸರೈಯ ಪಟ್ಟಣದಲ್ಲಿ ಎರಡು ವರ್ಷ ಸೆರೆ. ಆಮೇಲೆ ಸಮುದ್ರದಲ್ಲಿ ಹದಿನಾಲ್ಕು ದಿನದ ಬಿರುಗಾಳಿ. ಹಡಗು ಒಡೆಯಿತು, 276 ಜನರೂ ದಡ ಸೇರಿದರು. ರೋಮಿಗೆ ಅವನು ಬಂದದ್ದು ಕೈದಿಯಾಗಿ. ಸ್ಪೇನಿನ ಸುದ್ದಿಯನ್ನು ಅಪೊಸ್ತಲರ ಕೃತ್ಯಗಳು ಎತ್ತುವುದೇ ಇಲ್ಲ.

ಇನ್ನೊಂದನ್ನೂ ಮುಚ್ಚಿಡಲಾರೆ. ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ, ಹೆರೋದ ರಾಜನು ಸೆರೆಗೆ ಹಾಕಿಸಿದ್ದ ಅಪೊಸ್ತಲ ಪೇತ್ರನನ್ನು ದೇವದೂತನು ಬಿಡಿಸಿದ. ಅದಕ್ಕೆ ಸ್ವಲ್ಪ ಮೊದಲು ಅದೇ ಹೆರೋದನ ಕತ್ತಿಗೆ ಇನ್ನೊಬ್ಬ ಅಪೊಸ್ತಲ ಯಾಕೋಬ ಬಲಿಯಾಗಿದ್ದ. ಯಾಕೆ ಹೀಗೆ ಎಂದು ಕೇಳಿಕೊಂಡು ನಾನೂ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ. ಆದರೂ ಯಾಕೋಬನನ್ನು ದೇವರು ಕೈಬಿಟ್ಟನೆಂದು ನಾನು ನಂಬುವುದಿಲ್ಲ, ನಿಮ್ಮ ಮಗನನ್ನೂ ಬಿಟ್ಟಿಲ್ಲ.

ಮತ್ತೆ ಅರ್ಜಿ ಹಾಕುವ ಮನಸ್ಸು ಮಗನಿಗಿದ್ದರೆ ಹಾಕಲಿ. ಅಲ್ಲಿಯವರೆಗೆ ಊರಲ್ಲೇ ಕೆಲಸ ಹುಡುಕಲಿ. ಸಾಲದ ಲೆಕ್ಕವನ್ನು ಇಬ್ಬರೂ ಕೂತು ಬರೆಯಿರಿ. ಸಂಜೆಯ ಪ್ರಾರ್ಥನೆ ನಿಲ್ಲಿಸಬೇಡಿ. ಈ ವಾರ ಕೀರ್ತನೆಯ ಬದಲು ಆ 23ನೇ ಅಧ್ಯಾಯವನ್ನು ಅವನ ಕೈಯಲ್ಲೇ ಓದಿಸಿ, 11ನೇ ವಚನದಿಂದ.